ಇಂಜಿನ್ನಿನ ಕಿವಿ: ನಾಕ್ ಸೆನ್ಸಾರ್ ಪತ್ತೆ ಮಾಡಿ ಬದಲಿಸುವ ಪಾಠ

 

ನಮ್ಮ ಶಿವಾರಪಟ್ಟಣ ಶಿಲ್ಪಿಗಳ ಊರು. ಒಂದು ಕಲ್ಲನ್ನು ಕೆತ್ತುವುದಕ್ಕೆ ಮೊದಲು ಶಿಲ್ಪಿಗಳು ಏನು ಮಾಡ್ತಾರೆ ಅಂತ ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕಿವಿಗೊಟ್ಟು ಕೇಳುತ್ತಾರೆ. ಗಂಟೆಯಂತೆ ನಾದ ಬಂದರೆ ಕಲ್ಲು ಗಟ್ಟಿ. ಮಂಕಾದ ಶಬ್ದ ಬಂದರೆ ಒಳಗೆ ಎಲ್ಲೋ ಬಿರುಕು ಇದೆ ಅಂತ ಅರ್ಥ. ಗಂಡು ಶಿಲೆ, ಹೆಣ್ಣು ಶಿಲೆ, ನಪುಂಸಕ ಶಿಲೆ ಎಂದು ಶಿಲ್ಪಶಾಸ್ತ್ರ ಭಾಗ ಮಾಡುವುದರಲ್ಲೂ ಈ ನಾದಕ್ಕೆ ಸ್ಥಾನವಿದೆ. ಕಣ್ಣಿಗೆ ಕಾಣದ್ದನ್ನು ಕಿವಿ ಹೇಳುತ್ತದೆ.

ಪೆಟ್ರೋಲ್ ವಾಹನದ ಇಂಜಿನ್ನಿಗೂ ಇಂಥದ್ದೇ ಒಂದು ಕಿವಿ ಇದೆ. ಅದರ ಹೆಸರು ನಾಕ್ ಸೆನ್ಸಾರ್. ಇಂಜಿನ್ನಿನ ಒಳಗೆ ತಪ್ಪಾದ ಬಡಿತ ಕೇಳಿಸಿದರೆ ಅದು ಇಂಜಿನ್ನಿನ ಕಂಪ್ಯೂಟರಿಗೆ ಸುದ್ದಿ ಕೊಡುತ್ತದೆ. ಆ ಕಿವಿಯೇ ಕೆಟ್ಟರೆ ಏನಾಗ್ತದೆ, ಅದು ಕೆಟ್ಟಿದೆ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ, ಮನೆಯಲ್ಲೇ ಬದಲಿಸುವುದು ಹೇಗೆ ಎನ್ನುವುದೇ ಈ ಸಲದ ಪಾಠ. ಇದರಲ್ಲಿ ಮುಖ್ಯವಾದ ಮಾತು ಒಂದೇ: ಬದಲಿಸುವುದು ಸುಲಭ, ಪತ್ತೆ ಮಾಡುವುದೇ ವಿದ್ಯೆ.

೧. ನಾಕ್ ಅಂದ್ರೆ ಏನು?

ಪೆಟ್ರೋಲ್ ಇಂಜಿನ್ನಿನಲ್ಲಿ ನಾಲ್ಕು ಹೊಡೆತಗಳಿವೆ ಎಂದು ವಿಜ್ಞಾನದ ಪಾಠದಲ್ಲಿ ಓದುತ್ತೇವೆ: ಒಳಗೆಳೆಯುವುದು, ಅದುಮುವುದು, ಉರಿಯುವುದು, ಹೊರದೂಡುವುದು. ಪಿಸ್ಟನ್ ಮೇಲಕ್ಕೆ ಬಂದು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಅದುಮುತ್ತದೆ. ತುದಿ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಸ್ಪಾರ್ಕ್ ಪ್ಲಗ್ ಕಿಡಿ ಕೊಡುತ್ತದೆ. ಕಿಡಿಯಿಂದ ಹೊರಟ ಉರಿ, ಒಣಹುಲ್ಲಿಗೆ ಒಂದು ಮೂಲೆಯಿಂದ ಬೆಂಕಿ ಹತ್ತಿದ ಹಾಗೆ, ವರಸೆಯಾಗಿ ಹರಡುತ್ತಾ ಹೋಗಬೇಕು. ಆಗ ಪಿಸ್ಟನ್ನಿನ ಮೇಲೆ ಒತ್ತಡ ಒಂದೇ ಸಮನೆ ಏರುತ್ತದೆ. ಇದು ಸರಿಯಾದ ಉರಿ.

ಆದರೆ ಕೆಲವು ಸಲ, ಉರಿ ಇನ್ನೂ ತಲುಪದೆ ಇರುವ ಮೂಲೆಯಲ್ಲಿ ಉಳಿದ ಮಿಶ್ರಣವು ಬಿಸಿ ಮತ್ತು ಒತ್ತಡ ತಾಳಲಾರದೆ ತನ್ನಷ್ಟಕ್ಕೆ ತಾನೇ ಒಮ್ಮೆಲೇ ಸಿಡಿಯುತ್ತದೆ. ಆ ಸಿಡಿತದಿಂದ ಒತ್ತಡದ ಅಲೆ ಎದ್ದು ಸಿಲಿಂಡರಿನ ಗೋಡೆಗಳಿಗೆ ಬಡಿಯುತ್ತದೆ. ಗಂಟೆಗೆ ಹೊಡೆದ ಹಾಗೆ ಸಿಲಿಂಡರ್ ಅದುರುತ್ತದೆ. ಇದೇ ನಾಕ್. ತಗಡಿನ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದಂತೆ "ಟಿಣಿಟಿಣಿ" ಎಂದು ಕೇಳಿಸುತ್ತದೆ. ಭಾರ ಹೇರಿಕೊಂಡು ಏರು ಹತ್ತುವಾಗ, ಮೇಲಿನ ಗೇರಿನಲ್ಲೇ ಜೋರಾಗಿ ಎಕ್ಸಲೇಟರ್ ಒತ್ತಿದಾಗ ಇದು ಬರುವುದು ಹೆಚ್ಚು. ಕಾಲು ತೆಗೆದರೆ ನಿಂತುಹೋಗುತ್ತದೆ.

ಬೇರೆ ಶಬ್ದಗಳನ್ನು ಇದರ ಜೊತೆ ಬೆರೆಸಬಾರದು. ನಿಂತ ಗಾಡಿಯಲ್ಲಿ ಒಂದೇ ಸಮನೆ "ಟಿಕ್ ಟಿಕ್" ಅಂದರೆ ಅದು ಹೆಚ್ಚಾಗಿ ವಾಲ್ವ್ ಕಡೆಯ ಟ್ಯಾಪೆಟ್ ಶಬ್ದ. ಆಳದಿಂದ "ಧಬ್ ಧಬ್" ಅಂತ ಬಂದರೆ ಬೇರಿಂಗ್ ಸವೆದಿರಬಹುದು, ಕೂಡಲೇ ಗಾಡಿ ನಿಲ್ಲಿಸಬೇಕು. ಈ ಎರಡಕ್ಕೂ ನಾಕ್ ಸೆನ್ಸಾರ್ ಬದಲಿಸಿ ಪ್ರಯೋಜನ ಇಲ್ಲ.

ನಾಕ್ ಹೆಚ್ಚುವುದಕ್ಕೆ ಕಾರಣಗಳು: ಕಡಿಮೆ ಆಕ್ಟೇನ್ ಪೆಟ್ರೋಲ್, ಸೀಮೆಎಣ್ಣೆ ಬೆರಕೆ, ಇಂಜಿನ್ ಅತಿಯಾಗಿ ಕಾಯುವುದು, ಒಳಗೆ ಕಟ್ಟಿದ ಇಂಗಾಲದ ಕರಿ, ತಪ್ಪು ಜಾತಿಯ ಸ್ಪಾರ್ಕ್ ಪ್ಲಗ್, ಮತ್ತು ಕಿಡಿ ಬೇಕಾದ್ದಕ್ಕಿಂತ ಬೇಗ ಬರುವುದು. ಆಕ್ಟೇನ್ ಅಂದ್ರೆ ತಾನಾಗಿ ಸಿಡಿಯದೆ ತಾಳಿಕೊಳ್ಳುವ ಪೆಟ್ರೋಲಿನ ಗುಣದ ಅಳತೆ. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 ನಿಯಮದಲ್ಲಿ ಸಾಮಾನ್ಯ ಪೆಟ್ರೋಲಿಗೆ ಕನಿಷ್ಠ 91 ಆಕ್ಟೇನ್ ಇರಬೇಕು ಎಂದಿತ್ತು. ಎಥನಾಲ್ ಬೆರೆಸಿದರೆ ಈ ಗುಣ ಹೆಚ್ಚುತ್ತದೆ.

ನಾಕ್ ತುಂಬಾ ಹೊತ್ತು ನಡೆದರೆ ಪಿಸ್ಟನ್ ತಲೆ ತೂತಾಗಬಹುದು, ರಿಂಗು ಮುರಿಯಬಹುದು, ಗ್ಯಾಸ್ಕೆಟ್ ಸುಡಬಹುದು. ಆದ್ದರಿಂದಲೇ ಕಾವಲಿಗೆ ಒಂದು ಕಿವಿ ಬೇಕಾಯಿತು.

೨. ಈ ಕಿವಿ ಹೇಗೆ ಕೇಳುತ್ತದೆ?

ಸೆನ್ಸಾರಿನ ಒಳಗೆ ಪೀಜೋ ಎಂಬ ಜಾತಿಯ ಪಿಂಗಾಣಿಯ ಬಿಲ್ಲೆ ಇರುತ್ತದೆ. ಅದನ್ನು ಅದುಮಿದರೆ ಅಥವಾ ಅದುರಿಸಿದರೆ ಅದರಲ್ಲಿ ಸ್ವಲ್ಪ ವಿದ್ಯುತ್ ಹುಟ್ಟುತ್ತದೆ. ಈ ಗುಣವನ್ನು 1880ರಲ್ಲಿ ಫ್ರಾನ್ಸ್ ದೇಶದ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಎಂಬ ಅಣ್ಣತಮ್ಮಂದಿರು ಸ್ಫಟಿಕಗಳಲ್ಲಿ ಕಂಡುಹಿಡಿದರು. ಈ ಪಿಯರ್ ಕ್ಯೂರಿಯೇ ಮುಂದೆ ಮೇರಿ ಕ್ಯೂರಿಯ ಗಂಡ. ನಮ್ಮ ಅಡುಗೆಮನೆಯ ಗ್ಯಾಸ್ ಲೈಟರ್ "ಟಕ್" ಅಂದಾಗ ಕಿಡಿ ಬರುವುದೂ ಇದೇ ಗುಣದಿಂದ. ಅದರೊಳಗೆ ಬ್ಯಾಟರಿ ಇಲ್ಲ ನೋಡ್ರಪ್ಪಾ! ಸ್ಪ್ರಿಂಗಿನ ಸುತ್ತಿಗೆ ಬಿಲ್ಲೆಗೆ ಬಡಿದ ಪೆಟ್ಟೇ ವಿದ್ಯುತ್ ಆಗುತ್ತದೆ.

ನಾಕ್ ಆದಾಗ ಸಿಲಿಂಡರ್ ಎಷ್ಟು ವೇಗವಾಗಿ ಅದುರುತ್ತದೆ ಎಂದು ನಾವೇ ಲೆಕ್ಕ ಹಾಕಬಹುದು. ಉರಿಯುವ ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 950 ಮೀಟರ್. ನಮ್ಮ ಸುತ್ತಲಿನ ಗಾಳಿಯಲ್ಲಿ ಸುಮಾರು 340 ಮೀಟರ್ ಮಾತ್ರ. ದುಂಡನೆಯ ಸಿಲಿಂಡರಿಗೆ ಸೂತ್ರ ಹೀಗಿದೆ:

ಕಂಪನಾಂಕ = 0.586 × ಶಬ್ದದ ವೇಗ ÷ ಸಿಲಿಂಡರಿನ ವ್ಯಾಸ

ವ್ಯಾಸ 73 ಮಿಲಿಮೀಟರ್, ಅಂದ್ರೆ 0.073 ಮೀಟರ್ ಎಂದು ಇಟ್ಟುಕೊಂಡರೆ, 0.586 × 950 ÷ 0.073 = ಸುಮಾರು 7,600. ಅಂದರೆ ಸೆಕೆಂಡಿಗೆ ಸುಮಾರು 7,600 ಸಲ ಅದುರುತ್ತದೆ. ಇಂಜಿನ್ನಿನಲ್ಲಿ ನೂರೆಂಟು ಶಬ್ದಗಳಿದ್ದರೂ ಕಂಪ್ಯೂಟರ್ ಈ ಸುಮಾರಿನ ಕಂಪನವನ್ನೇ ಸೋಸಿ ಕೇಳುತ್ತದೆ.

ಇನ್ನೊಂದು ಉಪಾಯವೂ ಇದೆ. ನಾಲ್ಕು ಸಿಲಿಂಡರಿಗೆ ಸಾಮಾನ್ಯವಾಗಿ ಒಂದೇ ಕಿವಿ. ಹಾಗಾದರೆ ಯಾವ ಸಿಲಿಂಡರ್ ಬಡಿಯಿತು ಅಂತ ಹೇಗೆ ಗೊತ್ತಾಗಬೇಕು? ಸರದಿಯಿಂದ! ಮೇಷ್ಟರು ಹಿಂದೆ ತಿರುಗಿ ಬೋರ್ಡಿನ ಮೇಲೆ ಬರೆಯುತ್ತಾ, ಒಬ್ಬೊಬ್ಬರಿಗೂ ಸರದಿಯಂತೆ ಮಗ್ಗಿ ಹೇಳಿಸಿದರೆ, ತಪ್ಪು ಕೇಳಿಸಿದ ಗಳಿಗೆಯಿಂದಲೇ ಯಾರು ತಪ್ಪಿದರು ಅಂತ ಗೊತ್ತಾಗ್ತದಲ್ಲ, ಹಾಗೆ. ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಸುತ್ತು. ಒಂದು ಸುತ್ತಿಗೆ ಒಂದು ಸೆಕೆಂಡಿನ 50ರಲ್ಲಿ ಒಂದು ಭಾಗ. ಇಷ್ಟರಲ್ಲೇ ಕಂಪ್ಯೂಟರ್ ಕೇಳಿ, ತಪ್ಪಿದ ಸಿಲಿಂಡರ್ ಗುರುತಿಸಿ, ಕಿಡಿಯನ್ನು ಕೆಲವು ಡಿಗ್ರಿ ತಡ ಮಾಡುತ್ತದೆ. ಬಡಿತ ನಿಂತ ಮೇಲೆ ನಿಧಾನವಾಗಿ ಮೊದಲಿನ ಜಾಗಕ್ಕೆ ತರುತ್ತದೆ.

೩. ಕಿವಿ ಕೆಟ್ಟರೆ ಏನಾಗ್ತದೆ?

ಇಂಜಿನ್ ನಿಲ್ಲುವುದಿಲ್ಲ. ಗಾಡಿ ಓಡುತ್ತದೆ. ಅದಕ್ಕೇ ಬಹಳ ಜನ ಇದನ್ನು ಅಲಕ್ಷ್ಯ ಮಾಡ್ತಾರೆ. ಆದರೆ ಕಿವಿಯಿಂದ ಸುದ್ದಿ ಬರದಿದ್ದರೆ ಕಂಪ್ಯೂಟರ್ ಹೆದರಿಕೊಂಡು, ಯಾವುದಕ್ಕೂ ಇರಲಿ ಎಂದು ಕಿಡಿಯನ್ನು ಯಾವಾಗಲೂ ತಡವಾಗಿಯೇ ಕೊಡುತ್ತದೆ. ಇದರಿಂದ,

ಅ) ಏರಿನಲ್ಲಿ ಪಿಕಪ್ ಇರುವುದಿಲ್ಲ.
ಆ) ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.
ಇ) ಮೀಟರ್ ಬೋರ್ಡಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಳ್ಳುತ್ತದೆ.
ಈ) ಕಿಡಿ ತಡ ಮಾಡಿದ್ದೂ ಸಾಲದೆ ನಿಜವಾದ ನಾಕ್ ಬಂದರೆ, ಅದನ್ನು ಹೇಳುವವರು ಯಾರೂ ಇರುವುದಿಲ್ಲ.

ಕಾವಲುಗಾರನಿಲ್ಲದ ತೋಟದ ಹಾಗೆ. ಇವತ್ತು ಏನೂ ಆಗದೆ ಇರಬಹುದು.

೪. ನಮ್ಮ ಮನೆಯ ವ್ಯಾನಿನ ಉದಾಹರಣೆ

ನಮ್ಮ ಚಿಕ್ಕಪ್ಪನ ಹತ್ತಿರ ಒಂದು ಪೆಟ್ರೋಲ್ ವ್ಯಾನ್ ಇದೆ. ಸಣ್ಣ ವಿಗ್ರಹಗಳನ್ನು ಹುಲ್ಲು, ಗೋಣಿಚೀಲ ಸುತ್ತಿ ಅದರಲ್ಲಿ ಸಾಗಿಸುತ್ತಾರೆ. ಕೃಷ್ಣಶಿಲೆ ನೋಡೋಕೆ ಚಿಕ್ಕದಾದರೂ ತೂಕ ಜಾಸ್ತಿ. ಹಳದಿ ದೀಪ ಹತ್ತಿ, ಏರಿನಲ್ಲಿ ಎಳೆಯದೆ ಹೋದಾಗ ಪಟ್ಟಣದ ಒಂದು ಗ್ಯಾರೇಜಿನಲ್ಲಿ ತೋರಿಸಿದರು. "ಸೆನ್ಸಾರ್, ವೈರಿಂಗ್, ಕಂಪ್ಯೂಟರ್ ಮೂರೂ ಬದಲಾಯಿಸಿಬಿಡಿ, ಯಾವುದು ಕೆಟ್ಟಿದ್ದರೂ ಸರಿಹೋಗ್ತದೆ" ಅಂದರಂತೆ. ವಿಗ್ರಹ ತಲುಪಿಸಿದ ಮೇಲೆ ಬರುವ ಬಾಕಿ ದುಡ್ಡಿನಲ್ಲೇ ನಮ್ಮ ಮನೆಗಳು ನಡೆಯುವುದು. ಆ ಹಣ ಪೂರ್ತಿ ಇದಕ್ಕೇ ಹೋಗುತ್ತಿತ್ತು.

ಚಿಕ್ಕಪ್ಪನ ಮಗ, ನಮ್ಮಣ್ಣ, ಐಟಿಐನಲ್ಲಿ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಓದಿದವನು. ಅವನು ಹೇಳಿದ್ದು: "ಅಪ್ಪಾ, ಮೊದಲು ತಟ್ಟಿ ನೋಡಾಣ, ಆಮೇಲೆ ಬದಲಾಯಿಸಾಣ. ಕಲ್ಲು ಕೊಳ್ಳೋವಾಗ ನೀನು ತಟ್ಟದೇ ಕೊಳ್ತೀಯಾ?" ಚಿಕ್ಕಪ್ಪ ನಕ್ಕು, "ಸರಿ ಕಣೋ, ತಟ್ಟು" ಅಂದರು. ಅವನು ಮಾಡಿದ ಕ್ರಮವನ್ನು ನಾನು ಪಕ್ಕದಲ್ಲಿ ಟಾರ್ಚು ಹಿಡಿದು ನೋಡಿ, ಬರೆದುಕೊಂಡು, ಇಲ್ಲಿ ಕೊಟ್ಟಿದ್ದೇನೆ.

೫. ಪತ್ತೆ ಮಾಡುವ ಕ್ರಮ

ಮೊದಲ ಹೆಜ್ಜೆ: ಕೋಡ್ ಓದುವುದು. ಸ್ಟಿಯರಿಂಗ್ ಕೆಳಗೆ ಇರುವ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದರೆ ಕಂಪ್ಯೂಟರ್ ತನ್ನ ದೂರನ್ನು ಒಂದು ಸಂಖ್ಯೆಯಾಗಿ ಹೇಳುತ್ತದೆ. ನಮ್ಮ ವ್ಯಾನಿನಲ್ಲಿ ಬಂದದ್ದು ಪಿ 0325. ಇದರ ಅರ್ಥ "ನಾಕ್ ಸೆನ್ಸಾರ್ 1, ಸರ್ಕ್ಯೂಟ್". ಪಿ 0327 ಅಂದರೆ ಸಂಕೇತ ತೀರ ಕಡಿಮೆ, ಪಿ 0328 ಅಂದರೆ ತೀರ ಹೆಚ್ಚು.

ಇಲ್ಲಿ ಒಂದು ಪದವನ್ನು ಕೆಂಪು ಇಂಕಿನಲ್ಲಿ ಬರೆದುಕೊಳ್ಳಿ: ಸರ್ಕ್ಯೂಟ್. ಕೋಡು "ಸೆನ್ಸಾರ್ ಸತ್ತಿದೆ" ಎಂದು ಹೇಳಲಿಲ್ಲ. "ಈ ದಾರಿಯಿಂದ ಸರಿಯಾದ ಸುದ್ದಿ ಬರುತ್ತಿಲ್ಲ" ಎಂದಷ್ಟೇ ಹೇಳಿತು. ದಾರಿಯಲ್ಲಿ ಸೆನ್ಸಾರ್ ಇದೆ, ಸಾಕೆಟ್ ಇದೆ, ವೈರ್ ಇದೆ, ಕಡೆಗೆ ಕಂಪ್ಯೂಟರ್ ಇದೆ. ಕಾಗದ ಬರಲಿಲ್ಲ ಅಂದ ಮಾತ್ರಕ್ಕೆ ಬರೆದವನೇ ಇಲ್ಲ ಅನ್ನೋಕಾಗುತ್ತದೆಯೇ? ಪೋಸ್ಟಿನಲ್ಲೂ ಕಳೆದಿರಬಹುದಲ್ಲ!

ಎರಡನೇ ಹೆಜ್ಜೆ: ಸೆನ್ಸಾರ್ ಎಲ್ಲಿದೆ ಎಂದು ಹುಡುಕುವುದು. ಅದು ಸಿಲಿಂಡರ್ ಇರುವ ಇಂಜಿನ್ ಬ್ಲಾಕಿನ ಪಕ್ಕದ ಗೋಡೆಗೆ ಬಿಗಿದಿರುತ್ತದೆ. ನಾಲ್ಕು ಸಿಲಿಂಡರ್ ಇದ್ದರೆ ಹೆಚ್ಚಾಗಿ ನಡುಮಧ್ಯೆ, ಎರಡನೆಯ ಮತ್ತು ಮೂರನೆಯ ಸಿಲಿಂಡರ್ ನಡುವೆ, ಎಲ್ಲರ ಮಾತೂ ಸಮನಾಗಿ ಕೇಳಲಿ ಎಂದು. ಬಹಳ ಗಾಡಿಗಳಲ್ಲಿ ಗಾಳಿ ಒಳಗೆ ಹೋಗುವ ಇನ್‌ಟೇಕ್ ಪೈಪುಗಳ ಕೆಳಗೆ ಅಡಗಿರುತ್ತದೆ. ನಮ್ಮ ವ್ಯಾನಿನಲ್ಲಿ ಮುಂದಿನ ಸೀಟು ಎತ್ತಿದರೆ ಇಂಜಿನ್, ಅದರ ಪಕ್ಕಕ್ಕೆ ಕೈ ಇಳಿಬಿಟ್ಟರೆ ಸೆನ್ಸಾರ್.

ಗುರುತು: ದಪ್ಪ ಬಳೆಯಂಥ ಕಪ್ಪು ಪ್ಲಾಸ್ಟಿಕ್ಕಿನ ಬಿಲ್ಲೆ, ನಡುವೆ ತೂರಿದ ಒಂದೇ ಬೋಲ್ಟು, ಪಕ್ಕದಲ್ಲಿ ಸಾಮಾನ್ಯವಾಗಿ ಎರಡು ಪಿನ್ನಿನ ಸಾಕೆಟ್. ಕೆಲವು ಇಂಜಿನ್ನುಗಳಲ್ಲಿ ಬೋಲ್ಟು ಇಲ್ಲದೆ ಸೆನ್ಸಾರಿಗೇ ಮರೆ ಇದ್ದು ತಿರುಗಿಸಿ ಕೂರಿಸಿರುತ್ತಾರೆ. ಆಯಿಲ್ ಪ್ರೆಷರ್ ಸ್ವಿಚ್ಚನ್ನೋ, ಕ್ರ್ಯಾಂಕ್ ಸೆನ್ಸಾರನ್ನೋ ಇದೇ ಅಂತ ಬಿಚ್ಚಬಾರದು. ವಾಹನದ ಕೈಪಿಡಿಯ ಚಿತ್ರದೊಂದಿಗೆ ಹೋಲಿಸಿ ನೋಡಿ.

ಟ್ರ್ಯಾಕ್ಟರಿನಲ್ಲಿ, ಹಳೆಯ ಕಾರ್ಬೊರೇಟರ್ ಗಾಡಿಗಳಲ್ಲಿ ಇದನ್ನು ಹುಡುಕಬೇಡಿ. ಅವುಗಳಲ್ಲಿ ಇರುವುದಿಲ್ಲ. ನಮ್ಮೂರಲ್ಲಿ ಓಡಾಡುವ ಸಾಮಾನ್ಯ ಬೈಕು, ಸ್ಕೂಟರುಗಳಲ್ಲೂ ಬಹುತೇಕ ಇರುವುದಿಲ್ಲ.

ಮೂರನೇ ಹೆಜ್ಜೆ: ಕಣ್ಣಿನಿಂದ ನೋಡುವುದು. ವೈರನ್ನು ಇಲಿ ಕಡಿದಿದೆಯೇ? ಸಾಕೆಟ್ಟಿನ ಪಿನ್ನು ಹಸಿರು ಕಟ್ಟಿದೆಯೇ? ಬೋಲ್ಟು ಸಡಿಲವಿದೆಯೇ? ಪ್ಲಾಸ್ಟಿಕ್ ಬಿರಿದಿದೆಯೇ? ಕೊಟ್ಟಿಗೆಯ ಪಕ್ಕ ನಿಲ್ಲಿಸುವ ಗಾಡಿಗಳಲ್ಲಿ ಇಲಿಯ ಕೆಲಸ ಇದ್ದೇ ಇರುತ್ತದೆ.

ನಾಲ್ಕನೇ ಹೆಜ್ಜೆ: ವೈರನ್ನು ಪರೀಕ್ಷಿಸುವುದು. ಬ್ಯಾಟರಿ ತೆಗೆದು, ಸೆನ್ಸಾರ್ ಕಡೆ ಮತ್ತು ಕಂಪ್ಯೂಟರ್ ಕಡೆ ಎರಡೂ ತುದಿಯ ಸಾಕೆಟ್ ಬಿಚ್ಚಬೇಕು. ಮಲ್ಟಿಮೀಟರನ್ನು ಓಮ್‌ನಲ್ಲಿ ಇಟ್ಟು ಒಂದೊಂದು ವೈರಿನ ಎರಡು ತುದಿಗೂ ಮುಟ್ಟಿಸಬೇಕು. ಸೊನ್ನೆಗೆ ಹತ್ತಿರ ತೋರಿಸಿದರೆ ವೈರ್ ಒಳ್ಳೆಯದು. ಮುಟ್ಟಿಸಿಕೊಂಡೇ ವೈರನ್ನು ಅಲ್ಲಾಡಿಸಿ ನೋಡಬೇಕು, ಒಳಗೇ ಮುರಿದ ವೈರು ಆಗ ಸಿಕ್ಕಿಬೀಳುತ್ತದೆ. ಆಮೇಲೆ ವೈರಿಗೂ ಬಾಡಿಗೂ ಮುಟ್ಟಿಸಬೇಕು. ಕೈಪಿಡಿಯ ನಕ್ಷೆಯಲ್ಲಿ ಬಾಡಿಗೆ ಸೇರಿರದ ವೈರು ಬಾಡಿಗೆ ತಗುಲಿರಬಾರದು. ನಮ್ಮ ವ್ಯಾನಿನಲ್ಲಿ ವೈರ್ ಪೂರ್ತಿ ಸರಿ ಇತ್ತು. ಅಂದರೆ ಒಂದು ಖರ್ಚು ಉಳಿಯಿತು.

ಐದನೇ ಹೆಜ್ಜೆ: ಸೆನ್ಸಾರನ್ನು ತಟ್ಟಿ ನೋಡುವುದು. ಸೆನ್ಸಾರಿನ ಎರಡು ಪಿನ್ನಿಗೆ ಮಲ್ಟಿಮೀಟರ್ ಕೊಟ್ಟು, ಎಸಿ ವೋಲ್ಟಿನ ತೀರ ಕೆಳಗಿನ ಅಳತೆಯಲ್ಲಿ, ಅಂದರೆ ಮಿಲಿವೋಲ್ಟಿನಲ್ಲಿ ಇಡಬೇಕು. ಸೆನ್ಸಾರಿನ ಹತ್ತಿರದ ಬ್ಲಾಕಿನ ಕಬ್ಬಿಣವನ್ನು ಸಣ್ಣ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಬೇಕು. ಸೆನ್ಸಾರಿಗೇ ಹೊಡೆಯಬಾರದು. ಜೀವ ಇದ್ದರೆ ಪ್ರತಿ ತಟ್ಟಿಗೂ ಅಂಕೆ ಮಿಣುಕುತ್ತದೆ. ನಮ್ಮದರಲ್ಲಿ ಎಷ್ಟು ತಟ್ಟಿದರೂ ಮೀಟರ್ ಅಲುಗಾಡಲಿಲ್ಲ.

ಇಲ್ಲಿ ನಮ್ಮಣ್ಣ ಒಂದು ಒಳ್ಳೆಯ ಮಾತು ಹೇಳಿದ. "ಮೀಟರ್ ಸುಮ್ಮನಿದ್ದರೆ ಸೆನ್ಸಾರ್ ಸತ್ತಿರಬಹುದು, ಇಲ್ಲಾ ನಮ್ಮ ಮೀಟರೇ ಅಷ್ಟು ಚುರುಕಿಲ್ಲದೆ ಇರಬಹುದು. ಎರಡನ್ನೂ ಬೇರೆ ಮಾಡಬೇಕು." ಅಂಗಡಿಯವರ ಒಪ್ಪಿಗೆ ಪಡೆದು, ಹೊಸ ಸೆನ್ಸಾರನ್ನು ಅಲ್ಲೇ ಅದೇ ಮೀಟರಿಗೆ ಕೊಟ್ಟು, ಅದರ ಲೋಹದ ಭಾಗವನ್ನು ಒಂದು ನಾಣ್ಯದಿಂದ ಮೆಲ್ಲಗೆ ತಟ್ಟಿದ. ಅಂಕೆ ಮಿಣುಕಿತು! ಆಗ ಮೀಟರ್ ಸರಿ, ಹಳೆಯ ಸೆನ್ಸಾರ್ ಸತ್ತಿದೆ ಎಂದು ಖಚಿತವಾಯಿತು. ಪ್ರಯೋಗ ಮಾಡುವಾಗ ಒಳ್ಳೆಯದೆಂದು ಗೊತ್ತಿರುವ ಇನ್ನೊಂದರ ಜೊತೆ ಹೋಲಿಸಬೇಕು ಎಂದು ವಿಜ್ಞಾನದ ಮೇಷ್ಟರು ಹೇಳುವುದು ಇದನ್ನೇ.

ಓಮ್ ಅಳತೆಯ ಬಗ್ಗೆ ಎಚ್ಚರ: ಈ ಬಳೆ ಆಕಾರದ ಸೆನ್ಸಾರುಗಳಲ್ಲಿ ಬಹಳಷ್ಟು ಒಳ್ಳೆಯದಾಗಿದ್ದರೂ ಓಮ್‌ನಲ್ಲಿ "ಸಂಪರ್ಕ ಇಲ್ಲ" ಎಂದೇ ತೋರಿಸುತ್ತವೆ. ಯಾಕೆಂದರೆ ಪೀಜೋ ಬಿಲ್ಲೆಯೊಳಗೆ ನೇರ ವಿದ್ಯುತ್ತು ಹರಿಯುವುದಿಲ್ಲ. ಕೆಲವು ಕಂಪೆನಿಗಳು ಒಳಗೆ ಒಂದು ರೆಸಿಸ್ಟರ್ ಇಟ್ಟಿರುತ್ತಾರೆ, ಅವುಗಳಲ್ಲಿ ಮಾತ್ರ ಕೈಪಿಡಿ ಹೇಳಿದಷ್ಟು ಓಮ್ ಬರಬೇಕು. ಆದ್ದರಿಂದ "ಸಂಪರ್ಕ ಇಲ್ಲ" ಅಂದಕೂಡಲೇ ಒಳ್ಳೆಯ ಸೆನ್ಸಾರನ್ನು ಬಿಸಾಡಬೇಡಿ. ಸೊನ್ನೆ ತೋರಿಸಿದರೆ ಮಾತ್ರ ಒಳಗೆ ಶಾರ್ಟ್ ಆಗಿದೆ ಎಂದು ಅರ್ಥ.

೬. ಬೇಕಾಗುವ ಸಲಕರಣೆಗಳು

ವಾಹನಕ್ಕೆ ಸರಿಹೊಂದುವ ಅದೇ ನಂಬರಿನ ಹೊಸ ಸೆನ್ಸಾರ್, ಬೋಲ್ಟಿಗೆ ಹೊಂದುವ ಸಾಕೆಟ್, ರ‍್ಯಾಚೆಟ್, ಉದ್ದದ ಎಕ್ಸ್‌ಟೆನ್ಷನ್ ರಾಡು, ಟಾರ್ಕ್ ಸ್ಪ್ಯಾನರ್, ಮಲ್ಟಿಮೀಟರ್, ಒಣ ಬಟ್ಟೆ, ಟಾರ್ಚು, ಕೈಗೆ ಗ್ಲೌಸು, ಬೋಲ್ಟು ಹಾಕಿಡಲು ಒಂದು ತಟ್ಟೆ. ಟಾರ್ಕ್ ಸ್ಪ್ಯಾನರ್ ಮತ್ತು ಸ್ಕ್ಯಾನರನ್ನು ನಾವು ಗುರುತಿನವರಿಂದ ಒಂದು ದಿನಕ್ಕೆ ಎರವಲು ತಂದೆವು.

೭. ಬದಲಿಸುವ ವಿಧಾನ

1) ಗಾಡಿಯನ್ನು ಮಟ್ಟಸವಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಇಂಜಿನ್ ಪೂರ್ತಿ ತಣ್ಣಗಾಗಲಿ.

2) ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ ಪಕ್ಕಕ್ಕೆ ಸರಿಸಿ.

3) ಸಾಕೆಟ್ಟಿನ ಬೀಗದ ನಾಲಿಗೆಯನ್ನು ಒತ್ತಿ ಎಳೆಯಿರಿ. ವೈರ್ ಹಿಡಿದು ಎಳೆಯಬಾರದು.

4) ಸೆನ್ಸಾರ್ ಯಾವ ದಿಕ್ಕಿಗೆ ತಿರುಗಿದೆ ಎಂದು ಗುರುತು ಮಾಡಿಕೊಂಡು ಬೋಲ್ಟು ಬಿಚ್ಚಿ. ನಮ್ಮ ಹಳೆಯ ಸೆನ್ಸಾರ್ ಕೈಗೆ ಬಂದಾಗ ಅದರ ಹಿಂಬದಿಯ ಪ್ಲಾಸ್ಟಿಕ್ ಬಿರಿದು ಒಳಗೆ ಎಣ್ಣೆ ಇಳಿದಿತ್ತು.

5) ಬ್ಲಾಕಿನ ಮೇಲೆ ಸೆನ್ಸಾರ್ ಕೂರುವ ಜಾಗವನ್ನು ಒಣ ಬಟ್ಟೆಯಿಂದ ಒರೆಸಿ. ತುಕ್ಕು, ಬಣ್ಣ, ಗ್ರೀಸ್, ಮರಳು ಏನೂ ಇರಬಾರದು. ಲೋಹಕ್ಕೆ ಲೋಹ ತಾಗಿ ಕೂರಬೇಕು. ನಡುವೆ ವಾಷರ್ ಹಾಕಬಾರದು. ವಾಷರ್ ಹಾಕುವುದೆಂದರೆ ಕಿವಿಗೆ ಹತ್ತಿ ಇಟ್ಟ ಹಾಗೆ.

6) ಹೊಸ ಸೆನ್ಸಾರನ್ನು ಅದೇ ದಿಕ್ಕಿಗೆ ಇಟ್ಟು ಬೋಲ್ಟನ್ನು ಮೊದಲು ಕೈಯಿಂದ ತಿರುಗಿಸಿ, ಆಮೇಲೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿಯಿರಿ. ಬಳೆ ಆಕಾರದ ಸೆನ್ಸಾರಿಗೆ ಸಾಮಾನ್ಯವಾಗಿ ಸುಮಾರು 20 ನ್ಯೂಟನ್ ಮೀಟರ್. ಕೈಪಿಡಿಯಲ್ಲಿ ಬೇರೆ ಇದ್ದರೆ ಅದೇ ಕೊನೆಯ ಮಾತು.

7) ಸಾಕೆಟ್ "ಟಿಕ್" ಎನ್ನುವವರೆಗೆ ಒತ್ತಿ. ಬ್ಯಾಟರಿ ಜೋಡಿಸಿ. ಸ್ಕ್ಯಾನರಿನಿಂದ ಹಳೆಯ ಕೋಡನ್ನು ಅಳಿಸಿ.

8) ಭಾರ ಹಾಕಿ, ಏರಿನಲ್ಲಿ ಓಡಿಸಿ ನೋಡಿ. ದೀಪ ಮತ್ತೆ ಹತ್ತಬಾರದು.

20 ನ್ಯೂಟನ್ ಮೀಟರ್ ಎಷ್ಟು ಅಂತ ಅರ್ಥವಾಗಲು ಒಂದು ಲೆಕ್ಕ: 20 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಸುಮಾರು 10 ಕಿಲೋ ತೂಕ ನೇತುಹಾಕಿದಷ್ಟು. "ಇನ್ನೊಂದು ಸ್ವಲ್ಪ ಬಿಗಿ ಇರಲಿ" ಎಂದು ದೊಡ್ಡ ಸ್ಪ್ಯಾನರಿನಿಂದ ಎಳೆದರೆ ಒಳಗಿನ ಪಿಂಗಾಣಿ ಒಡೆಯಬಹುದು. ಸಡಿಲ ಬಿಟ್ಟರೆ ಅದುರುವಿಕೆ ಸರಿಯಾಗಿ ಒಳಗೆ ಬರುವುದಿಲ್ಲ. ವೀಣೆಯ ತಂತಿಯಂತೆ, ಬಿಗಿ ಸರಿಯಿದ್ದರೇ ಸ್ವರ ಸರಿ. ಹೊಸ ಸೆನ್ಸಾರ್ ಕೈಜಾರಿ ನೆಲಕ್ಕೆ ಬಿದ್ದರೂ ಒಳಗೆ ಬಿರುಕು ಬಿಡಬಹುದು, ಹೊರಗೆ ಕಾಣುವುದಿಲ್ಲ.

ನಮ್ಮ ವ್ಯಾನಿನಲ್ಲಿ ಸೆನ್ಸಾರ್ ಒಂದನ್ನೇ ಬದಲಿಸಿದ್ದು. ವೈರಿಂಗ್ ಹಳೆಯದೇ, ಕಂಪ್ಯೂಟರ್ ಹಳೆಯದೇ. ಅದೇ ವಾರ ಗೋಣಿ ಸುತ್ತಿದ ವಿಗ್ರಹಗಳು ಏರು ಹತ್ತಿ ಹೋದವು. ದೀಪ ಮತ್ತೆ ಹತ್ತಲಿಲ್ಲ. ಬಾಕಿ ದುಡ್ಡು ಮನೆಗೆ ಬಂತು.

೮. ಎಚ್ಚರಿಕೆಗಳು

* ಮಕ್ಕಳು ಒಬ್ಬರೇ ಮಾಡುವ ಕೆಲಸವಲ್ಲ. ಕೆಲಸ ಬಲ್ಲ ದೊಡ್ಡವರು ಪಕ್ಕದಲ್ಲಿ ಇರಲೇಬೇಕು.
* ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಹೋಗಬಾರದು. ಸ್ಟ್ಯಾಂಡ್ ಕೊಡದೆ ಯಾರೂ ನುಸುಳಬೇಡಿ.
* ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯಬಾರದು.
* ಓಡುತ್ತಿರುವ ಇಂಜಿನ್ನಿನ ಬೆಲ್ಟಿನ ಹತ್ತಿರ ಟವೆಲ್ಲು, ದುಪಟ್ಟ, ಜಡೆ ಬಾರದಂತೆ ನೋಡಿಕೊಳ್ಳಬೇಕು.
* ಸೆನ್ಸಾರ್ ತಲುಪಲು ಪೆಟ್ರೋಲ್ ಪೈಪುಗಳನ್ನೇ ಬಿಚ್ಚಬೇಕಾಗಿ ಬಂದರೆ ಮನೆಯಲ್ಲಿ ಮಾಡಬೇಡಿ. ಪೈಪಿನಲ್ಲಿ ಒತ್ತಡ ಇರುತ್ತದೆ, ಬೆಂಕಿಯ ಭಯ. ಗ್ಯಾರೇಜಿಗೆ ಒಯ್ಯಿರಿ. ಆದರೆ ಪರೀಕ್ಷೆ ಮಾಡಿಸಿದ ಮೇಲೆ ಬದಲಿಸಿ ಎಂದು ಕೇಳುವ ಹಕ್ಕು ನಮಗಿದೆ.
* ಹೊಸ ಸೆನ್ಸಾರ್ ಹಾಕಿದ ಮೇಲೂ ಟಿಣಿಟಿಣಿ ಬಂದರೆ ಕಿವಿಯದು ತಪ್ಪಲ್ಲ. ಪೆಟ್ರೋಲ್, ಪ್ಲಗ್, ಬಿಸಿ, ಕರಿ ಇವುಗಳನ್ನು ನೋಡಿ.

೯. ನಿಮಗಿದು ತಿಳಿದಿರಲಿ

ಹಿಂದಿನ ಕಾಲದಲ್ಲಿ ನಾಕ್ ತಡೆಯಲು ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಸೀಸದ ಒಂದು ಸಂಯುಕ್ತ ನಾಕ್ ತಡೆಯುತ್ತದೆ ಎಂದು 1921ರಲ್ಲಿ ಅಮೆರಿಕದ ಥಾಮಸ್ ಮಿಡ್‌ಗ್ಲಿ ಕಂಡುಹಿಡಿದ. ಇಂಜಿನ್ನಿಗೆ ಒಳ್ಳೆಯದಾಯಿತು, ಮನುಷ್ಯನಿಗೆ ಕೆಟ್ಟದಾಯಿತು. ಹೊಗೆಯಲ್ಲಿ ಬರುವ ಸೀಸ ಮಕ್ಕಳ ಮಿದುಳಿಗೆ ವಿಷ. ನಮ್ಮ ದೇಶದಲ್ಲಿ 2000ನೇ ಇಸವಿ ಫೆಬ್ರವರಿ 1ರಿಂದ ಸೀಸವಿಲ್ಲದ ಪೆಟ್ರೋಲ್ ಮಾತ್ರ ಮಾರಬೇಕೆಂದಾಯಿತು. ಪ್ರಪಂಚದಲ್ಲಿ ಕೊನೆಯದಾಗಿ ಆಲ್ಜೀರಿಯಾ ದೇಶ 2021ರಲ್ಲಿ ನಿಲ್ಲಿಸಿತು. ಈಗ ಒಳ್ಳೆಯ ಪೆಟ್ರೋಲೂ ಈ ಸಣ್ಣ ಕಿವಿಯೂ ಸೇರಿ ಇಂಜಿನ್ನನ್ನು ಕಾಯುತ್ತವೆ.

ನಮ್ಮ ಕೋಲಾರ ಸೀಮೆಯಲ್ಲೇ ಇನ್ನೊಂದು ಬಗೆಯ ಕಿವಿ ಕೆಲಸ ಮಾಡಿತ್ತು. ಕೆಜಿಎಫ್ ಚಿನ್ನದ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ ಹೋಗಿತ್ತು. ಅಷ್ಟು ಆಳದಲ್ಲಿ ಒತ್ತಡ ತಾಳದೆ ಬಂಡೆಗಳು ಸಿಡಿಯುತ್ತಿದ್ದವು. ಸಿಡಿತ ಎಲ್ಲಿ ಆಯಿತು ಎಂದು ತಿಳಿಯಲು ಜಿಯೋಫೋನ್ ಎಂಬ ಉಪಕರಣಗಳನ್ನು ಬೇರೆ ಬೇರೆ ಕಡೆ ಇಟ್ಟು, ಶಬ್ದ ಯಾವುದಕ್ಕೆ ಮೊದಲು ತಲುಪಿತು ಎಂಬುದರಿಂದ ಲೆಕ್ಕ ಹಾಕುತ್ತಿದ್ದರು. ಒಳಗಿನ ರಚನೆ ಬೇರೆ, ಕೆಲಸ ಅದೇ: ಕೈ ಮುಟ್ಟದ ಜಾಗದ ಪೆಟ್ಟನ್ನು ಹೊರಗಿನಿಂದ ಕೇಳುವುದು. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಕೆಜಿಎಫ್‌ನಲ್ಲೇ ಆರಂಭವಾಯಿತು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು.

೧೦. ಮಾಡಿ ನೋಡಿ

ಹಾಳಾದ ಆಟದ ಸಾಮಾನಿನಿಂದ ಅಥವಾ ಸಂಗೀತ ಹಾಡುವ ಶುಭಾಶಯ ಪತ್ರದಿಂದ ಹಿತ್ತಾಳೆ ಬಣ್ಣದ ಪೀಜೋ ಬಿಲ್ಲೆಯನ್ನು ತೆಗೆಯಿರಿ. ಅದರ ಎರಡು ವೈರುಗಳನ್ನು ಮಲ್ಟಿಮೀಟರಿಗೆ ಕೊಟ್ಟು, ಎಸಿ ಮಿಲಿವೋಲ್ಟಿನಲ್ಲಿ ಇಡಿ. ಬಿಲ್ಲೆಯನ್ನು ಮೇಜಿನ ಮೇಲೆ ಅಂಟಿಸಿ ಮೇಜಿನ ಇನ್ನೊಂದು ತುದಿಯನ್ನು ತಟ್ಟಿ. ಆಮೇಲೆ ಬಿಲ್ಲೆಯ ಕೆಳಗೆ ಬಟ್ಟೆಯ ಮಡಿಕೆ ಇಟ್ಟು ಮತ್ತೆ ತಟ್ಟಿ. ಏನು ವ್ಯತ್ಯಾಸ ಬಂತು, ಯಾಕೆ ಬಂತು ಎಂದು ಬರೆಯಿರಿ.

ಪ್ರಶ್ನೆಗಳು

1. ಸಿಲಿಂಡರಿನ ವ್ಯಾಸ 80 ಮಿಲಿಮೀಟರ್ ಆದರೆ ನಾಕ್ ಕಂಪನಾಂಕ ಎಷ್ಟು? ವ್ಯಾಸ ಹೆಚ್ಚಿದರೆ ಸ್ವರ ಏರುತ್ತದೆಯೋ ಇಳಿಯುತ್ತದೆಯೋ?
2. ಪಿ 0325 ಕೋಡ್ ಬಂದಾಗ ಕೆಟ್ಟಿರಬಹುದಾದ ನಾಲ್ಕು ಭಾಗಗಳನ್ನು ಹೆಸರಿಸಿ.
3. ಮೀಟರ್ ಸುಮ್ಮನಿದ್ದರೂ "ಸೆನ್ಸಾರ್ ಸತ್ತಿದೆ" ಎಂದು ಕೂಡಲೇ ಹೇಳಬಾರದು. ಯಾಕೆ?

ಉತ್ತರ ಬರೆದ ಚೀಟಿಗಳನ್ನು ಗೋಡೆ ಪತ್ರಿಕೆಯ ಪಕ್ಕದ ಡಬ್ಬಿಯಲ್ಲಿ ಹಾಕಿ. ಸರಿ ಉತ್ತರಗಳು ಮುಂದಿನ ಸಂಚಿಕೆಯಲ್ಲಿ.